ಹ್ಯಾಮರ್ ಇರುವ ಪಿಸ್ತೂಲು ಸೊಂಟದಲ್ಲಿ: ಯಾವ ಟ್ರಿಗರ್ ಯಾರಿಗೆ?

ಕಳೆದ ಎರಡು ವರ್ಷದಲ್ಲಿ ಡಲ್ಲಾಸ್ ಸುತ್ತಮುತ್ತಲಿನ ಗೆಳೆಯರಲ್ಲಿ ಐದಾರು ಜನ ನನ್ನ ಹತ್ತಿರ ಇದೇ ಪ್ರಶ್ನೆ ತಂದಿದ್ದಾರೆ. "ಸೊಂಟದಲ್ಲಿ ಬಚ್ಚಿಟ್ಟು ಒಯ್ಯೋಕೆ ಗ್ಲಾಕ್ ತರದ ಪಿಸ್ತೂಲು ಬೇಡ, ಯಾಕೋ ಧೈರ್ಯ ಬರಲ್ಲ. ಹಿಂದೆ ಹ್ಯಾಮರ್ ಇರೋದು ಬೇಕು. ಅಂಗಡೀಲಿ ಡಿಎ-ಎಸ್‌ಎ ಅಂತಾರೆ, ಎಸ್‌ಎಒ ಅಂತಾರೆ, ಎಲ್‌ಇಎಂ ಅಂತಾರೆ. ತಲೆ ಕೆಟ್ಟುಹೋಯ್ತು." ಪ್ರತಿ ಸಲ ಫೋನಿನಲ್ಲಿ ಒಂದು ಗಂಟೆ ಮಾತಾಡುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದೆ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅಜ್ಜನ ಜೋಡುನಳಿಗೆ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸುವ ಕೆಲಸ ನನ್ನದಾಗಿತ್ತು. ಆ ಕೋವಿಯ ಹಿಂಬದಿಯಲ್ಲಿ ಎರಡು ಕುದುರೆಗಳಿದ್ದವು, ಅದೇ ಇಲ್ಲಿಯವರು ಹ್ಯಾಮರ್ ಅನ್ನುವುದು. ಕುದುರೆ ಮಲಗಿದೆಯೋ ಎದ್ದಿದೆಯೋ ದೂರದಿಂದಲೇ ಕಾಣುತ್ತಿತ್ತು. ಟೆಕ್ಸಾಸಿಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪಿಸ್ತೂಲು ಕೊಳ್ಳಲು ಹೋದಾಗ ನನಗೂ ಅಂಥದ್ದೇ ಬೇಕಿತ್ತು. ಗ್ಲಾಕ್‌ನಂಥ ಸ್ಟ್ರೈಕರ್ ಪಿಸ್ತೂಲಿನಲ್ಲಿ ಹ್ಯಾಮರ್ ಬದಲು ಒಳಗಿನ ಮೊಳೆಯೇ ಗುಂಡಿಗೆ ಬಡಿಯುತ್ತೆ, ಎಲ್ಲ ಸ್ಲೈಡಿನ, ಅಂದರೆ ಮೇಲೆ ಹಿಂದೆ ಮುಂದೆ ಜಾರುವ ಭಾಗದ, ಒಳಗೇ ನಡೆಯುತ್ತೆ. ಹೊರಗಿನಿಂದ ಕೈಗೆ ಸಿಗುವಂಥದ್ದು ಏನೂ ಇಲ್ಲ.

ಗ್ರೀನ್ ಕಾರ್ಡ್ ವಿಷಯ ಸುಮ್ನೆ ಹೇಳಿದ್ದಲ್ಲ. ಎಚ್-1ಬಿ, ಎಚ್-4, ಎಫ್-1, ಎಲ್-1 ಇಂಥ ವೀಸಾದಲ್ಲಿ ಇರುವವರು ಬಂದೂಕನ್ನಷ್ಟೇ ಅಲ್ಲ, ಒಂದು ಗುಂಡನ್ನು ಇಟ್ಟುಕೊಳ್ಳುವುದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ನಂಬಿಕೊಂಡು ಮುಂದುವರಿಯುವ ಮುಂಚೆ ವಕೀಲರನ್ನು ಕೇಳಿ. ನಾಳೆ ಗ್ರೀನ್ ಕಾರ್ಡಿಗೇ ಕುತ್ತು ಬರುವ ವಿಷಯ ಇದು. ಇನ್ನು ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್‌ನಿಂದ, ಬಂದೂಕು ಇಟ್ಟುಕೊಳ್ಳಲು ಬೇರೆ ಅಡ್ಡಿ ಇಲ್ಲದ 21 ದಾಟಿದವರಿಗೆ ಪಿಸ್ತೂಲು ಜೊತೆಗೆ ಒಯ್ಯಲು ಬೇಕಿದ್ದ ಕ್ಯಾರಿ ಲೈಸೆನ್ಸ್ ಕಡ್ಡಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಮಾರಬಹುದಾದ ಹೊಸ ಪಿಸ್ತೂಲುಗಳದ್ದೇ ಒಂದು ಪಟ್ಟಿ ಇದೆ, ನಾನು ಕೆಳಗೆ ಹೇಳುವ ಕೆಲವು ಅಲ್ಲಿ ಸಿಗದೆ ಹೋಗಬಹುದು. ನಮ್ಮವರ ಯುಗಾದಿ ಕಾರ್ಯಕ್ರಮಗಳು ಎಷ್ಟೋ ಸಲ ಶಾಲೆಯ ಆಡಿಟೋರಿಯಂನಲ್ಲಿ ನಡೆಯುತ್ತವೆ ಅಲ್ವಾ, ಅಲ್ಲಿಗೆ ಒಯ್ಯುವಂತಿಲ್ಲ. ಹೇಗೂ ಪಂಚೆಗೆ ಹೋಲ್‌ಸ್ಟರ್ ನಿಲ್ಲುವುದಿಲ್ಲ, ಆ ದಿನ ಮನೆಯ ಸೇಫ್‌ನಲ್ಲೇ ಬಿಡಿ.

ಈಗ ಅಳತೆಗೋಲು ಯಾವುದು ಅಂತ ಮೊದಲು ನೋಡೋಣ.

ಜನ ಟ್ರಿಗರ್ ಅಂದ ಕೂಡಲೇ ಗುರಿ ಹೊಡೆಯುವ ಸುಖದ ಬಗ್ಗೆ ಮಾತಾಡುತ್ತಾರೆ. ಎಷ್ಟು ಹಗುರ, ಎಷ್ಟು ನುಣುಪು ಅಂತ. ನನ್ನ ಪ್ರಕಾರ ಅದು ಎರಡನೆಯ ಮಾತು. ಬಚ್ಚಿಟ್ಟುಕೊಂಡು ಓಡಾಡುವವರು ಆ ಪಿಸ್ತೂಲನ್ನು ಒಬ್ಬರ ಮೇಲೆ ಹಾರಿಸುವ ಪ್ರಸಂಗ ದೇವರ ದಯೆಯಿಂದ ಜೀವನದಲ್ಲಿ ಒಮ್ಮೆಯೂ ಬರಲಿಕ್ಕಿಲ್ಲ. ಆದರೆ ಅದನ್ನು ಹೋಲ್‌ಸ್ಟರಿಗೆ ಇಳಿಸುವುದು ಸಾವಿರಾರು ಸಲ. ಅಪಾಯ ಇರುವುದು ಅಲ್ಲಿ. ಅದೂ ಈಗ ಎಲ್ಲರೂ ಹೊಕ್ಕುಳ ಪಕ್ಕದಲ್ಲಿ, ಪ್ಯಾಂಟಿನ ಒಳಗೆ ಇಟ್ಟುಕೊಳ್ಳುತ್ತಾರೆ. ನಳಿಗೆ ಎಲ್ಲಿಗೆ ಮುಖ ಮಾಡಿರುತ್ತೆ ಅಂತ ನೀವೇ ಯೋಚಿಸಿ.

ಒಂದು ಬೇಸಿಗೆ ದಿನ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಒಳಗೆ ಇಳಿಸುತ್ತಿದ್ದೆ. ಟೀ ಶರ್ಟಿನ ಅಂಚು ಹೋಲ್‌ಸ್ಟರ್ ಬಾಯಿಗೆ ಹೊಕ್ಕು ಟ್ರಿಗರಿಗೆ ಸಿಕ್ಕಿಕೊಂಡಿತ್ತು, ನನಗೆ ಕಾಣಲಿಲ್ಲ. ಹೆಬ್ಬೆರಳು ಹ್ಯಾಮರ್ ಮೇಲೆ ಒತ್ತಿ ಹಿಡಿದಿದ್ದೆ, ಅದು ತರಬೇತಿಯ ಮೇಷ್ಟ್ರು ಹೇಳಿಕೊಟ್ಟ ಅಭ್ಯಾಸ. ಪಿಸ್ತೂಲು ಕೆಳಗೆ ಇಳಿಯುತ್ತಿದ್ದ ಹಾಗೆ ಬಟ್ಟೆ ಟ್ರಿಗರನ್ನು ಎಳೆದು ಹ್ಯಾಮರ್ ಏಳತೊಡಗಿತು, ಹೆಬ್ಬೆರಳನ್ನು ತಳ್ಳಿತು. ಒಂದೇ ಒಂದು ಎಳೆಯಷ್ಟು. ಅಲ್ಲೇ ನಿಲ್ಲಿಸಿದೆ. ಅವತ್ತು ನನಗೆ ಹ್ಯಾಮರ್ ಯಾಕೆ ಬೇಕು ಅನ್ನುವುದು ಸರಿಯಾಗಿ ಅರ್ಥವಾಯಿತು. ಗ್ಲಾಕ್‌ಗೂ ಇಂಥದ್ದೇ ಕೆಲಸ ಮಾಡುವ, ಹಿಂಬದಿಯ ಪ್ಲೇಟ್ ಬದಲಿಗೆ ಕೂರುವ ಒಂದು ಬಿಡಿಭಾಗ ಬಂದಿದೆ, ಅದು ಬೇರೆ ಮಾತು.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಒಳಗೆ ಇಳಿಸುವಾಗ ಈ ಟ್ರಿಗರ್ ನಿಮ್ಮ ತಪ್ಪನ್ನು ಎಷ್ಟು ಕ್ಷಮಿಸುತ್ತೆ? ಎರಡನೆಯದು, ಕೈ ನಡುಗುವಾಗ ಮೊದಲ ಗುಂಡು ಎಲ್ಲಿ ಬೀಳುತ್ತೆ. ಮೂರನೆಯದು ನೀವು ತಿಂಗಳಿಗೆ ಎಷ್ಟು ಅಭ್ಯಾಸ ಮಾಡುತ್ತೀರಿ, ನಿಜವಾಗಿ, ಹೊಸ ವರ್ಷದ ಸಂಕಲ್ಪದ ಲೆಕ್ಕ ಅಲ್ಲ. ನಾಲ್ಕನೆಯದು ಕೈ. ನಮ್ಮಲ್ಲಿ ಅನೇಕರದ್ದು ಚಿಕ್ಕ ಕೈ, ಟ್ರಿಗರ್ ದೂರ ಇದ್ದರೆ ಬೆರಳಿನ ತುದಿ ಮಾತ್ರ ಮುಟ್ಟುತ್ತೆ. ಆಮೇಲೆ ತೂಕ, ದುಡ್ಡು.

ಡಬಲ್ ಆ್ಯಕ್ಷನ್ – ಸಿಂಗಲ್ ಆ್ಯಕ್ಷನ್

ಅಂಗಡಿಯಲ್ಲಿ ಡಿಎ-ಎಸ್‌ಎ ಅನ್ನುವುದು ಇದನ್ನೇ. ಹ್ಯಾಮರ್ ಮುಂದೆ ಮಲಗಿರುತ್ತೆ. ಮೊದಲ ಸಲ ಟ್ರಿಗರ್ ಎಳೆದಾಗ ಅದೇ ಹ್ಯಾಮರನ್ನು ಹಿಂದಕ್ಕೆ ಎತ್ತಿ ಬಿಡುತ್ತೆ, ಆದ್ದರಿಂದ ಉದ್ದ ಮತ್ತು ಭಾರ. ಸಾಮಾನ್ಯವಾಗಿ 10ರಿಂದ 12 ಪೌಂಡ್. ಐದು ಕೆಜಿ ಅಕ್ಕಿ ಚೀಲವನ್ನು ತೋರುಬೆರಳಲ್ಲಿ ಎತ್ತಿದ ಹಾಗೆ. ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದಕ್ಕೆ ಬಂದು ಹ್ಯಾಮರನ್ನು ತಾನೇ ಎತ್ತಿ ನಿಲ್ಲಿಸುತ್ತೆ. ಎರಡನೆಯದರಿಂದ ಮುಂದೆ ಎಲ್ಲ ಗಿಡ್ಡ, ಹಗುರ, ಸುಮಾರು ಎರಡು ಕೆಜಿ. ವಾಲ್ತರ್ ಪಿಪಿ 1929ರಲ್ಲಿ ಈ ಪದ್ಧತಿಯನ್ನು ಜನಪ್ರಿಯ ಮಾಡಿತು. ಬೆರೆಟಾ 92, ಸಿಗ್ ಪಿ226 ಮತ್ತು ಪಿ229, ಸಿಜ಼ೆಡ್ 75 ಎಲ್ಲ ಇದೇ ಜಾತಿ. ಅಮೆರಿಕದ ಸೇನೆ 1985ರಲ್ಲಿ ಬೆರೆಟಾವನ್ನು ಎಂ9 ಅಂತ ತಗೊಂಡು ಮೂರು ದಶಕ ಬಳಸಿತು.

ಇದರ ಗುಣ ಸ್ಪಷ್ಟ. ಒಳಗೆ ಇಳಿಸುವಾಗ ಉದ್ದನೆಯ ಭಾರದ ಟ್ರಿಗರ್, ಜೊತೆಗೆ ಹೆಬ್ಬೆರಳ ಕೆಳಗೆ ಹ್ಯಾಮರ್. ಎರಡು ಕಾವಲು. ದೋಷವೂ ಅಷ್ಟೇ ಸ್ಪಷ್ಟ. ಎರಡು ಬೇರೆ ಬೇರೆ ಟ್ರಿಗರ್ ಕಲಿಯಬೇಕು. ಹೊಸಬರ ಮೊದಲ ಗುಂಡು ಎಳೆತದ ಭಾರಕ್ಕೆ ಕೆಳಗೆ ಹೋಗುತ್ತೆ, ಎರಡನೆಯದು ಅವರು ಅಂದುಕೊಳ್ಳುವ ಮುಂಚೆಯೇ ಹಾರಿಬಿಡುತ್ತೆ. ಮತ್ತೆ, ಹಾರಿಸಿ ಆದ ಮೇಲೆ ಡಿಕಾಕ್ ಮಾಡಲೇಬೇಕು, ಅಂದರೆ ಎದ್ದ ಹ್ಯಾಮರನ್ನು ಒಂದು ಲಿವರ್ ಒತ್ತಿ ಮಲಗಿಸಬೇಕು. ನಾನು ಒಮ್ಮೆ ಮರೆತೆ. ತರಬೇತಿಯ ಕೊನೆಯ ಗಂಟೆ, ಸುಸ್ತಾಗಿತ್ತು, ಹ್ಯಾಮರ್ ಎದ್ದೇ ಇತ್ತು, ಹಾಗೆಯೇ ಹೋಲ್‌ಸ್ಟರ್ ಕಡೆ ಕೈ ಹೋಯಿತು. ಮೇಷ್ಟ್ರು ಮಣಿಕಟ್ಟು ಹಿಡಿದರು. ಎರಡು ಕೆಜಿ ಟ್ರಿಗರ್, ಹಾರದಂತೆ ತಡೆಯುವ ಯಾವ ಸೇಫ್ಟಿ ಲಿವರೂ ಇಲ್ಲ, ಅದು ಗ್ಲಾಕ್‌ಗಿಂತ ಜಾಸ್ತಿ ಅಪಾಯ. ಹೆಬ್ಬೆರಳು ಹ್ಯಾಮರ್ ಮೇಲೆ ಇಡುವ ಅಭ್ಯಾಸ ಇದ್ದರೆ ಈ ಮರೆವೂ ಸಿಕ್ಕಿಬೀಳುತ್ತೆ, ಯಾಕೆಂದರೆ ಹ್ಯಾಮರ್ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಭ್ಯಾಸ ಮೈಗೆ ಹತ್ತುವವರೆಗೆ ಮಾತ್ರ ಕಷ್ಟ.

ಈ ಜಾತಿಯೊಳಗೇ ಉಪಜಾತಿಗಳಿವೆ, ಅಲ್ಲಿ ಎಡವಬೇಡಿ. ಮೂಲ ಸಿಜ಼ೆಡ್ 75ರ ಮಾದರಿಯಲ್ಲಿ ಡಿಕಾಕ್ ಲಿವರ್ ಇಲ್ಲ, ಸೇಫ್ಟಿ ಮಾತ್ರ. ಹ್ಯಾಮರ್ ಮಲಗಿಸಬೇಕಾದರೆ ಗುಂಡು ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ, ಹಾರಲು ಸಿದ್ಧವಾಗಿ ಇರುವಾಗಲೇ ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಬೆವರಿದ ಕೈಯಲ್ಲಿ ದಿನಾ ಮಾಡುವ ಕೆಲಸ ಅಲ್ಲ ಅದು. ಸೊಂಟಕ್ಕೆ ಅದರ ಬದಲು ಡಿಕಾಕರ್ ಇರುವ ಪಿ-01 ಅಥವಾ ಪಿಸಿಆರ್ ನೋಡಿ. ಪಿ-07 ಆದರೆ ಸೇಫ್ಟಿ ಬೇಕೋ ಡಿಕಾಕರ್ ಬೇಕೋ ನೀವೇ ಬದಲಾಯಿಸಿಕೊಳ್ಳಬಹುದು. ಬೆರೆಟಾ 92ರಲ್ಲಿ ಲಿವರ್ ಸ್ಲೈಡಿನ ಮೇಲೆ ಇದೆ, ಸ್ಲೈಡ್ ಎಳೆಯುವಾಗ ಗೊತ್ತಿಲ್ಲದೆ ಸೇಫ್ಟಿ ಬಿದ್ದುಬಿಡಬಹುದು. ಹೆಸರಿನ ಕೊನೆಗೆ ಜಿ ಇರುವ ಮಾದರಿಯಲ್ಲಿ ಲಿವರ್ ಡಿಕಾಕ್ ಮಾಡಿ ತಾನೇ ಮೇಲೇಳುತ್ತೆ, ಆ ತಲೆನೋವಿಲ್ಲ. ಬೆರೆಟಾದ ಮೊದಲ ಎಳೆತ ಭಾರ ಅನ್ನಿಸಿದರೆ ಡಿ ಸ್ಪ್ರಿಂಗ್ ಅನ್ನುವ ಹಗುರ ಸ್ಪ್ರಿಂಗ್ ಹಾಕಿಸಿ. ಸ್ಪ್ರಿಂಗಿಗೆ ಆಗುವುದು ಒಂದು ಊಟದ ದುಡ್ಡು, ವ್ಯತ್ಯಾಸ ದೊಡ್ಡದು.

ಅಭ್ಯಾಸದ ದೃಷ್ಟಿಯಿಂದ ಇನ್ನೊಂದು ಲಾಭ. ಖಾಲಿ ಪಿಸ್ತೂಲಿನಲ್ಲಿ ಮನೆಯಲ್ಲೇ ಡ್ರೈ ಫೈರ್ ಮಾಡುವಾಗ ಸ್ಲೈಡ್ ಎಳೆಯದೆ ಮತ್ತೆ ಮತ್ತೆ ಟ್ರಿಗರ್ ಎಳೆಯಬಹುದು. ಖರ್ಚಿಲ್ಲ. ಗುಂಡುಗಳು ಬೇರೆ ಕೋಣೆಯಲ್ಲಿರಲಿ, ಚೇಂಬರ್ ಎರಡು ಸಲ ನೋಡಿ, ಎದುರಿಗೆ ಗುಂಡು ತಡೆಯುವ ಗೋಡೆ ಇರಲಿ, ಅಷ್ಟೇ.

ಸಿಂಗಲ್ ಆ್ಯಕ್ಷನ್ ಮಾತ್ರ

ಎಸ್‌ಎಒ ಅಂದರೆ ಇದು. ಟ್ರಿಗರಿಗೆ ಒಂದೇ ಕೆಲಸ, ಎದ್ದ ಹ್ಯಾಮರನ್ನು ಬಿಡುವುದು. ಕೋಲ್ಟ್ 1911 ಮತ್ತು 1935ರ ಬ್ರೌನಿಂಗ್ ಹೈ ಪವರ್ ಇದರ ಹಿರಿಯರು. ನಮ್ಮ ಕಡೆ ಸೇನೆಯಲ್ಲಿ ಇದ್ದವರು ಮನೆಮನೆಗೂ ಸಿಗುತ್ತಾರೆ, ಅವರಿಗೆ ಇದು ಗೊತ್ತು. ಭಾರತೀಯ ಸೇನೆಯ 9 ಎಂಎಂ 1ಎ ಪಿಸ್ತೂಲು ಈಶಾಪುರದಲ್ಲಿ ತಯಾರಾಗುವ ಹೈ ಪವರ್‌ನ ತಮ್ಮನೇ.

ಹ್ಯಾಮರ್ ಪೂರ್ತಿ ಎದ್ದು, ಸೇಫ್ಟಿ ಮೇಲಕ್ಕಿಟ್ಟು ಒಯ್ಯುವುದು ಇದರ ಕ್ರಮ. ಪಿಸ್ತೂಲು ತರಬೇತಿಯ ಹೆಸರಾಂತ ಗುರು ಜೆಫ್ ಕೂಪರ್ ಅವರ ಲೆಕ್ಕದಲ್ಲಿ ಇದು ಕಂಡೀಷನ್ ಒನ್. ಮೊದಲ ಸಲ ನೋಡಿದವರು ಹೌಹಾರುತ್ತಾರೆ. ನಿಜವಾಗಿ ನೋಡಿದರೆ 1911ರಲ್ಲಿ ಹೆಬ್ಬೆರಳ ಸೇಫ್ಟಿ ಇದೆ, ಹಿಡಿಕೆಯಲ್ಲಿ ಇನ್ನೊಂದು ಇದೆ. ಒಳಗೆ ಇಳಿಸುವಾಗ ಹೆಬ್ಬೆರಳನ್ನು ಹ್ಯಾಮರ್ ಹಿಂದೆ ಇಟ್ಟರೆ ಅಂಗೈ ಹಿಡಿಕೆಯ ಸೇಫ್ಟಿಯಿಂದ ಸ್ವಲ್ಪ ಮೇಲೇಳುತ್ತೆ, ಅದೂ ತಡೆಯುತ್ತೆ.

ಮೊದಲ ಗುಂಡಿನ ವಿಷಯಕ್ಕೆ ಬಂದರೆ ಇದಕ್ಕೆ ಸಾಟಿ ಇಲ್ಲ. ಪ್ರತಿ ಸಲ ಅದೇ ಗಿಡ್ಡ ಎಳೆತ. ಚಿಕ್ಕ ಕೈಗೂ ಬೆರಳು ಚೆನ್ನಾಗಿ ತಲುಪುತ್ತೆ. ಆದರೆ ಇದೆಲ್ಲ ನಿಂತಿರುವುದು ಒಂದು ಪುಟ್ಟ ಲಿವರ್ ಮೇಲೆ. ತೆಗೆಯುವಾಗ ಇಳಿಸಲು ಮರೆತರೆ ಪಿಸ್ತೂಲು ಹಾರುವುದಿಲ್ಲ. ಒಳಗೆ ಇಡುವಾಗ ಏರಿಸಲು ಮರೆತರೆ ಅದು ಹಾರಲು ಎರಡು ಕೆಜಿ ಸಾಕು. ಸಿಗ್ ಪಿ938 ತರದ ಪುಟ್ಟ ಮಾದರಿಗಳಲ್ಲಿ ಲಿವರ್ ಕೂಡ ಪುಟ್ಟದು, ಗಡಿಬಿಡಿಯಲ್ಲಿ ಹೆಬ್ಬೆರಳು ಜಾರಬಹುದು. ವಾರಕ್ಕೆ ಎರಡು ದಿನವಾದರೂ ಹತ್ತು ನಿಮಿಷ ಖಾಲಿ ಪಿಸ್ತೂಲು ಎಳೆದು ಅಭ್ಯಾಸ ಮಾಡದವರಿಗೆ ನಾನು ಇದನ್ನು ಹೇಳುವುದಿಲ್ಲ. ಹೇಳಿದರೂ ಕೇಳದೆ 1911 ತಗೊಳ್ಳುತ್ತೀರಿ ಅಂತ ಗೊತ್ತು, ಅಷ್ಟು ಚಂದ ಇದೆ ಅದು. ಉಕ್ಕಿನ ದೊಡ್ಡ ಮಾದರಿ ಗುಂಡಿಲ್ಲದೆಯೇ ಒಂದು ಕೆಜಿ ದಾಟುತ್ತೆ, ಕನಿಷ್ಠ ಅಲ್ಯೂಮಿನಿಯಂ ಫ್ರೇಮಿನ, ನಳಿಗೆ ಸ್ವಲ್ಪ ಗಿಡ್ಡವಾದ ಕಮ್ಯಾಂಡರ್ ಅಳತೆಯದ್ದು ತಗೊಳ್ಳಿ. ಅಗ್ಗದ ಚಿಕ್ಕ 1911ಗಳ ಸಹವಾಸ ಬೇಡ. ನಳಿಗೆ ಗಿಡ್ಡವಾದಷ್ಟೂ ಸ್ಲೈಡ್ ಓಡಾಡುವ ಜಾಗ ಕಡಿಮೆ, ಸ್ಪ್ರಿಂಗ್ ಮತ್ತು ಮ್ಯಾಗಜಿನ್ ವಿಷಯದಲ್ಲಿ ತಾಳ್ಮೆ ಪರೀಕ್ಷಿಸುತ್ತವೆ.

ಇದರಲ್ಲೇ ಇನ್ನೊಂದು ಬಗೆ ಇದೆ: ಹ್ಯಾಮರ್ ಇದೆ, ಆದರೆ ಕಾಣುವುದಿಲ್ಲ. ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಈಜ಼ಿ ಹಾಗೆ. ಸ್ಲೈಡ್ ಎಳೆಯುವುದು ಬಹಳ ಸುಲಭ, ಹಿಡಿಕೆಯಲ್ಲಿ ಸೇಫ್ಟಿ ಇದೆ. ಕೈಯಲ್ಲಿ ಶಕ್ತಿ ಕಡಿಮೆ ಇರುವವರಿಗೆ, ಗಂಟುನೋವಿನ ಅತ್ತೆ ಮಾವನ ವಯಸ್ಸಿನವರಿಗೆ ಒಳ್ಳೆಯದು. ಆದರೆ ಹೆಬ್ಬೆರಳಿಗೆ ಹ್ಯಾಮರ್ ಸಿಗುವುದಿಲ್ಲ, ಅಂದರೆ ನಾನು ಮೊದಲು ಹೇಳಿದ ಲಾಭವೇ ಇಲ್ಲ. ಹಳೆಯದು ಕೊಳ್ಳುವುದಾದರೆ ಸೀರಿಯಲ್ ನಂಬರ್ ಪರೀಕ್ಷಿಸಿ. 2020ರಲ್ಲಿ ತಯಾರಾದ ಕೆಲವು 9 ಎಂಎಂ ಈಜ಼ಿಗಳ ಹ್ಯಾಮರ್ ಬದಲಾಯಿಸಲು ಕಂಪನಿಯೇ ವಾಪಸ್ ಕರೆದಿತ್ತು. ಅಂದ ಹಾಗೆ, ಹ್ಯಾಮರನ್ನು ಹೆಬ್ಬೆರಳಲ್ಲಿ ಎತ್ತಿ ನಿಲ್ಲಿಸಬಹುದಾದ ಪಿಸ್ತೂಲಾದರೆ, ಖಾಲಿ ಇರುವಾಗ ಮೊದಲು ಹ್ಯಾಮರ್ ಎತ್ತಿಟ್ಟು ಆಮೇಲೆ ಸ್ಲೈಡ್ ಎಳೆಯಿರಿ, ಎಷ್ಟೋ ಹಗುರವಾಗುತ್ತೆ. ಸ್ಲೈಡ್ ಎಳೆಯಲು ಆಗಲ್ಲ ಅಂತ ಕೈಬಿಟ್ಟಿದ್ದ ನನ್ನ ಹೆಂಡತಿ ಈ ಒಂದು ಉಪಾಯದಿಂದ ನನ್ನ ಪಿ-01 ಎಳೆಯಲು ಶುರುಮಾಡಿದಳು.

ಡಬಲ್ ಆ್ಯಕ್ಷನ್ ಮಾತ್ರ

ಡಿಎಒ. ಪ್ರತಿ ಸಲವೂ ಅದೇ ಉದ್ದನೆಯ ಎಳೆತ. ಕಲಿಯಲು ಒಂದೇ ಟ್ರಿಗರ್, ಡಿಕಾಕ್ ಇಲ್ಲ, ಸಾಮಾನ್ಯವಾಗಿ ಸೇಫ್ಟಿಯೂ ಇಲ್ಲ. ಜೇಬಿನಲ್ಲಿ ಇಡುವವರಿಗೆ ಇದು ಸರಿ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಸುಮಾರು 270 ಗ್ರಾಂ, .380 ಗುಂಡು. ಟೆಕ್ಸಾಸಿನ ಆಗಸ್ಟ್‌ನಲ್ಲಿ ಚಡ್ಡಿ ಹಾಕಿಕೊಂಡು ಅಂಗಡಿಗೆ ಹೋಗುವಾಗ ಬೇರೆ ಯಾವುದು ಒಯ್ಯಲು ಸಾಧ್ಯ ಹೇಳಿ. ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಆದರೆ ಹತ್ತು ಮೀಟರ್ ದೂರಕ್ಕೆ ಅದರಲ್ಲಿ ಗುರಿ ಇಡುವುದು ಕಷ್ಟದ ಕೆಲಸ, ಐವತ್ತು ಗುಂಡು ಹಾರಿಸಿದರೆ ಕೈ ಉರಿಯುತ್ತೆ, ಉರಿಯುವುದರಿಂದ ಅಭ್ಯಾಸ ನಿಲ್ಲುತ್ತೆ. ಮುಂದೆ ಬಂದ ಎಲ್‌ಸಿಪಿ 2 ಮತ್ತು ಮ್ಯಾಕ್ಸ್‌ನಲ್ಲಿ ಟ್ರಿಗರ್ ಗಿಡ್ಡ, ಹಗುರ. ಹೆಸರು ಒಂದೇ ಅಂತ ಅದೇ ಸುರಕ್ಷತೆ ಇದೆ ಅಂದುಕೊಳ್ಳಬೇಡಿ. ಇವನ್ನು ಟ್ರಿಗರ್ ಮುಚ್ಚುವ ಜೇಬಿನ ಹೋಲ್‌ಸ್ಟರ್ ಇಲ್ಲದೆ ಕೀ ಗೊಂಚಲಿನ ಜೊತೆ ಹಾಕಿಕೊಳ್ಳುವುದು ಹುಚ್ಚುತನ.

ಎಲ್‌ಇಎಂ ಮತ್ತು ಡಿಎಕೆ

ಇವು ನನಗೆ ಇಷ್ಟವಾದವು, ಆದರೆ ಕಡಿಮೆ ಜನಕ್ಕೆ ಗೊತ್ತು. ಹೆಕ್ಲರ್ ಆ್ಯಂಡ್ ಕೋಖ್ ಕಂಪನಿಯ ಎಲ್‌ಇಎಂನಲ್ಲಿ ಸ್ಲೈಡ್ ಓಡಾಡುವಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯಾಗಿಬಿಡುತ್ತೆ, ಹೊರಗೆ ಕಾಣುವ ಹ್ಯಾಮರ್ ಮಾತ್ರ ಮುಂದೆ ಮಲಗುತ್ತೆ. ಟ್ರಿಗರ್ ಉದ್ದವಾಗಿ, ಬಹಳ ಹಗುರವಾಗಿ ಬರುತ್ತೆ, ಕೊನೆಯಲ್ಲಿ ಒಂದು ಗೋಡೆ ಸಿಗುತ್ತೆ, ಆಮೇಲೆ ಬಿಡುತ್ತೆ. ಹಗುರ ಮಾದರಿಯಲ್ಲಿ ಸುಮಾರು 5 ಪೌಂಡ್, ಭಾರದ್ದರಲ್ಲಿ 7ರ ಮೇಲೆ. ಪ್ರತಿ ಸಲ ಒಂದೇ ತರ. ಮತ್ತೆ, ಟ್ರಿಗರ್ ಹಿಂದಕ್ಕೆ ಹೋದ ಹಾಗೆ ಹ್ಯಾಮರ್ ಏಳುತ್ತೆ, ಅಂದರೆ ಹೆಬ್ಬೆರಳಿಗೆ ಸುದ್ದಿ ತಲುಪುತ್ತೆ. ಮರೆಯಲು ಲಿವರೇ ಇಲ್ಲ. ಪಿ2000, ಪಿ30, ಪುಟ್ಟ ಪಿ30ಎಸ್‌ಕೆ ಇವುಗಳಲ್ಲಿ ಸಿಗುತ್ತೆ.

ಕೊರತೆ ಏನು? ಗುಂಡು ಹಾರಿದ ಮೇಲೆ ಬೆರಳು ತುಂಬಾ ಮುಂದೆ ಬಿಡಬೇಕು, ಬೇಗ ಬೇಗ ಹಾರಿಸುವಾಗ ಅರ್ಧಕ್ಕೇ ನಿಲ್ಲಿಸಿ ತಡವರಿಸುವವರು ಇದ್ದಾರೆ. ಮನೆಯಲ್ಲಿ ಡ್ರೈ ಫೈರ್ ಮಾಡುವಾಗ ಪ್ರತಿ ಸಲ ಸ್ಲೈಡ್ ಎಳೆಯಬೇಕು, ಇಲ್ಲದಿದ್ದರೆ ಮುಂದಿನ ಎಳೆತ ಭಾರ. ಅಂಗಡಿಯಲ್ಲಿ ಒಮ್ಮೆ ಎಳೆದು "ಇದೇನು ಇಷ್ಟು ಭಾರ" ಅಂತ ವಾಪಸ್ ಇಡುವವರಲ್ಲಿ ಎಷ್ಟೋ ಜನ ಸ್ಲೈಡ್ ಎಳೆಯದೆ ನೋಡಿದವರು. ಬೆಲೆಯೂ ಜಾಸ್ತಿ.

ಸಿಗ್‌ನ ಡಿಎಕೆ ಇದರ ಸೋದರ, ಸುಮಾರು 6.5 ಪೌಂಡ್. ಅಮೆರಿಕದ ಕೋಸ್ಟ್ ಗಾರ್ಡ್ ಪಿ229ರಲ್ಲಿ ಇದನ್ನೇ ಬಳಸಿತ್ತು. ಪೊಲೀಸ್ ಇಲಾಖೆಗಳು ಬದಲಾಯಿಸಿದ ಹಳೆಯ ಡಿಎಕೆಗಳು ಆಗಾಗ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬರುತ್ತವೆ. ಅವುಗಳಲ್ಲಿ .40 ಕ್ಯಾಲಿಬರಿನವು ಬಹಳ, ಆ ಗುಂಡು 9 ಎಂಎಂಗಿಂತ ದುಬಾರಿ, ಒದೆಯೂ ಜಾಸ್ತಿ. ಪಿಸ್ತೂಲಿನಲ್ಲಿ ಉಳಿಸಿದ್ದು ಗುಂಡಿನಲ್ಲಿ ಹೋಗುತ್ತೆ.

"ಚೇಂಬರ್ ಖಾಲಿ ಇಟ್ಟುಕೊಂಡರೆ ಆಗಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗುತ್ತೆ, ಆದರೆ ಆಗ ಈ ಹೋಲಿಕೆಯೆಲ್ಲ ವ್ಯರ್ಥ. ಬೇಕಾದಾಗ ಎರಡೂ ಕೈ ಬೇಕು, ಒಂದು ಕೈಯಲ್ಲಿ ಮಗು ಇದ್ದರೆ ಏನು ಮಾಡ್ತೀರಿ? ಚೇಂಬರಿನಲ್ಲಿ ಗುಂಡು ಇಡಲು ಭಯ ಇದೆ ಅಂದರೆ, ಆ ಭಯ ಹೋಗುವವರೆಗೆ ಖಾಲಿ ಪಿಸ್ತೂಲನ್ನೇ ಮನೆಯಲ್ಲಿ ಎರಡು ವಾರ ಸೊಂಟದಲ್ಲಿ ಇಟ್ಟುಕೊಂಡು ಓಡಾಡಿ. ಹ್ಯಾಮರ್ ತಾನಾಗಿ ಬೀಳುವುದಿಲ್ಲ ಅಂತ ನಿಮಗೇ ಗೊತ್ತಾಗುತ್ತೆ.

ಹಾಗಾದರೆ ಯಾರಿಗೆ ಯಾವುದು? ಸೊಂಟದ ಮುಂಭಾಗದಲ್ಲಿ ಒಯ್ಯುವ, ತಿಂಗಳಿಗೆ ಒಂದೆರಡು ಸಲ ರೇಂಜಿಗೆ ಹೋಗುವ ಸಾಮಾನ್ಯ ಮನುಷ್ಯನಿಗೆ ಡಿಕಾಕರ್ ಇರುವ ಡಿಎ-ಎಸ್‌ಎ. ಒಟ್ಟು ಸಾವಿರ ಡಾಲರ್ ಇದೆ ಅಂದುಕೊಳ್ಳಿ. ಪಿಸ್ತೂಲಿಗೆ ಆರುನೂರರ ಆಸುಪಾಸು ಇಟ್ಟು, ಸಿಜ಼ೆಡ್ ಪಿ-07 ಅಥವಾ ಪಿ-01ರ ಕಡೆ ನೋಡಿ, ಉಳಿದದ್ದನ್ನು ಒಳ್ಳೆಯ ಹೋಲ್‌ಸ್ಟರ್, ಗಟ್ಟಿ ಬೆಲ್ಟ್, ಒಂದು ದಿನದ ತರಬೇತಿಗೆ ಹಾಕಿ. ಲಿವರ್ ಮರೆಯುವ ಸ್ವಭಾವ ನಿಮ್ಮದು, ಕಾರಿನ ಹ್ಯಾಂಡ್‌ಬ್ರೇಕ್ ಎಷ್ಟೋ ಸಲ ಮರೆತಿದ್ದೀರಿ, ದುಡ್ಡು ಸ್ವಲ್ಪ ಹೆಚ್ಚು ಹಾಕಬಹುದು ಅಂದರೆ ಎಲ್‌ಇಎಂ. ಸ್ಪರ್ಧೆಗೂ ಅದೇ ಪಿಸ್ತೂಲು ಬಳಸುವ, ವಾರ ತಪ್ಪದೆ ಅಭ್ಯಾಸ ಮಾಡುವವರಿಗೆ ಸಿಂಗಲ್ ಆ್ಯಕ್ಷನ್. ಮುನ್ನೂರು ಡಾಲರ್ ಒಳಗೆ, ಜೇಬಿಗೆ, ತೀರಾ ಹತ್ತಿರದ ಅಪಾಯಕ್ಕೆ ಅಂದರೆ ಎಲ್‌ಸಿಪಿ. ಕೈ ದುರ್ಬಲ ಇದ್ದರೆ ಈಜ಼ಿ, ಆದರೆ ಒಳಗೆ ಇಳಿಸುವಾಗ ಹೋಲ್‌ಸ್ಟರನ್ನೇ ಸೊಂಟದಿಂದ ತೆಗೆದು, ಪಿಸ್ತೂಲು ಅದರಲ್ಲಿ ಕೂರಿಸಿ, ಆಮೇಲೆ ಸಿಕ್ಕಿಸಿಕೊಳ್ಳಿ. ಮಕ್ಕಳಿರುವ ಮನೆಯಾದರೆ, ಯಾವ ಟ್ರಿಗರ್ ಆದರೂ, ಸೇಫ್ ಇಲ್ಲದೆ ಪಿಸ್ತೂಲು ಮನೆಗೆ ತರಬೇಡಿ. ಹನ್ನೆರಡು ಪೌಂಡ್ ಟ್ರಿಗರ್ ಕೂಡ ಮಕ್ಕಳ ಎರಡು ಕೈಗಳಿಗೆ ಹೆಚ್ಚೇನಲ್ಲ.

ಇನ್ನೊಂದು, ರೇಂಜಿಗೆ ಒಯ್ಯುವ ಚೀಲ ಬೇರೆಯೇ ಇರಲಿ. ಅದೇ ಬ್ಯಾಗನ್ನು ಬೆಂಗಳೂರಿಗೆ ಹೊರಟಾಗ ತಗೊಂಡು ಹೋಗಿ, ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಆರ್ಮ್ಸ್ ಆ್ಯಕ್ಟ್ ಕೇಸು. "ಮರೆತಿದ್ದೆ ಸಾರ್" ಅಂತ ಅಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ರಜೆ ಮುಗಿದಿರುತ್ತೆ.

ಕೊಳ್ಳುವ ಮುಂಚೆ ಬಾಡಿಗೆಗೆ ಕೊಡುವ ರೇಂಜಿಗೆ ಹೋಗಿ ಎರಡು ಮೂರು ಬಗೆ ಹಾರಿಸಿ ನೋಡಿ. ಅಂಗಡಿಯಲ್ಲೇ ಆದರೆ ಕೇಳಿಕೊಂಡು, ಖಾಲಿ ಅಂತ ಇಬ್ಬರೂ ನೋಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರನ್ನು ನಿಧಾನವಾಗಿ ಹತ್ತು ಸಲ ಎಳೆಯಿರಿ. ಮುಂದಿನ ಸೈಟ್ ಮೇಲೆ ಕಣ್ಣಿರಲಿ. ಆರನೆಯ ಎಳೆತಕ್ಕೇ ಸೈಟ್ ಅಲುಗಾಡಲು ಶುರುವಾದರೆ ಅಥವಾ ಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗುತ್ತಿದ್ದರೆ, ಅದು ಎಷ್ಟೇ ಹೆಸರಿನ ಪಿಸ್ತೂಲಾಗಿರಲಿ, ಕೌಂಟರ್ ಮೇಲೆ ಇಟ್ಟು ಪಕ್ಕದ್ದನ್ನು ತೋರಿಸಿ ಅನ್ನಿ.